ಕೋಲು ಹಿಡಿದು ಬೀದಿ ಅಳೆದವರು

ಹೋದ ವಾರ ಬೆಳಗಿನ ವಾಕಿಂಗ್ ಮುಗಿಸಿ ಅನ್ನಪೂರ್ಣೇಶ್ವರಿ ನಗರದ ಕಡೆಯಿಂದ ಮನೆಗೆ ಬರುತ್ತಿದ್ದೆ. ಖಾಲಿ ಸೈಟೊಂದರಲ್ಲಿ ಯಾರೋ ತರಗೆಲೆ ಗುಡ್ಡೆ ಹಾಕಿ ಬೆಂಕಿ ಇಟ್ಟಿದ್ದರು. ಪಕ್ಕದ ಮನೆಯ ಹೆಂಗಸು ಹೊಗೆಗೆ ಬೈಯುತ್ತ ಬಂದು ಒಂದು ಬಕೆಟ್ ನೀರು ಸುರಿದಳು. ಚೊಯ್ ಎಂದು ಸದ್ದಾಯಿತು. ಆಮೇಲೆ ಎದ್ದಿತು ನೋಡಿ ಆ ವಾಸನೆ, ನೀರು ಕುಡಿದ ಬಿಸಿ ಬೂದಿಯ ವಾಸನೆ... ಮೂಗಿಗೆ ಬಿದ್ದದ್ದೇ ತಡ, ಅಲ್ಲೇ ನಿಂತುಬಿಟ್ಟೆ. ನಮ್ಮ ಎದುರುಮನೆಯವರು ಡ್ಯೂಟಿ ಮುಗಿಸಿ ಬಂದು ಸ್ಕೂಟರಿಗೆ ಸ್ಟ್ಯಾಂಡ್ ಹಾಕುವಾಗ ಅವರ ಖಾಕಿ ಅಂಗಿಯಿಂದ ಬರುತ್ತಿದ್ದ ವಾಸನೆ ಅದು.

ಅವರು ಅಗ್ನಿಶಾಮಕ ಠಾಣೆಯಲ್ಲಿ ಡ್ರೈವರು. ಬೆಂಕಿ ಎಂಜಿನ್ ಓಡಿಸುವುದು, ಸ್ಥಳ ತಲುಪಿದ ಮೇಲೆ ಅದರ ನೀರಿನ ಪಂಪು ನೋಡಿಕೊಳ್ಳುವುದು, ಎರಡೂ ಅವರದೇ ಕೆಲಸ. ಹಾವೇರಿ ಕಡೆಯವರು. ಮೂಡಲಪಾಳ್ಯದ ನಮ್ಮ ಬೀದಿಗೆ ಬಾಡಿಗೆಗೆ ಬಂದಾಗ ಅವರ ಮಗಳು ಇನ್ನೂ ಮಿಡ್ಲ್ ಸ್ಕೂಲು. ಹಣೆಗೆ ವಿಭೂತಿ, ದಪ್ಪ ಮೀಸೆ, ಮೀಸೆಗಿಂತ ಮುಂದೆ ಬಂದ ಹೊಟ್ಟೆ. ನಾನು ಆಗ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಬೀದಿಯವರಿಗೆಲ್ಲ ನಾನು ‘ಟೀಚರಮ್ಮ’, ಅವರೊಬ್ಬರಿಗೆ ಮಾತ್ರ ‘ಅಕ್ಕೋರು’. ಅವರ ಕಡೆ ಪಾಠ ಹೇಳುವ ಹೆಂಗಸರನ್ನು ಹಾಗೇ ಕರೆಯುವುದಂತೆ. ಆ ಹೆಸರು ನನಗೆ ತುಂಬ ಇಷ್ಟವಾಗಿತ್ತು, ಆದರೆ ಅವರಿಗೆ ಹೇಳಲಿಲ್ಲ.

ಹೇಳದೆ ಇದ್ದುದಕ್ಕೆ ಕಾರಣವಿತ್ತು. ಅವರ ಹತ್ತಿರ ಒಂದು ಬಿದಿರು ಕೋಲಿತ್ತು. ಎಂಜಿನ್ನಿನ ಅಗಲ ಎಷ್ಟೋ ಅಷ್ಟು, ಮೇಲೆ ಆ ಕಡೆ ಒಂದು ಗೇಣು ಈ ಕಡೆ ಒಂದು ಗೇಣು ಸೇರಿಸಿ ಕತ್ತರಿಸಿದ ಕೋಲು. ವಾರದ ರಜೆಯ ದಿನ ಅದನ್ನು ಎರಡೂ ಕೈಯಲ್ಲಿ ಅಡ್ಡಡ್ಡ ಹಿಡಿದು ಬೀದಿ ಬೀದಿ ನಡೆಯುತ್ತಿದ್ದರು. ಕೋಲು ಯಾವುದಕ್ಕೆ ತಗುಲಿತೋ ಆ ಮನೆಯ ಬೆಲ್ ಒತ್ತುತ್ತಿದ್ದರು. ರಸ್ತೆಗೆ ಇಳಿದ ಮೆಟ್ಟಿಲು, ಸ್ಕೂಟರು, ಹೂವಿನ ಕುಂಡ, ತಗ್ಗಾಗಿ ಜೋತುಬಿದ್ದ ಕೇಬಲ್ ವೈರು, ಯಾವುದನ್ನೂ ಬಿಡುತ್ತಿರಲಿಲ್ಲ. ಯಾರೂ ಅವರಿಗೆ ಈ ಕೆಲಸ ಹೇಳಿರಲಿಲ್ಲ. ಮಕ್ಕಳು ಹೋ ಎಂದು ಹಿಂದೆ ಮೆರವಣಿಗೆ ಹೋಗುತ್ತಿದ್ದವು. ದೊಡ್ಡವರು ಅವರು ಬರುವುದು ಕಂಡರೆ ಸ್ನಾನಕ್ಕೆ ಹೋಗಿದ್ದಾರೆ ಎಂದು ಒಳಗಿಂದ ಹೇಳಿಸುತ್ತಿದ್ದರು. ಆ ರಜೆಯ ದಿನ ಇಡೀ ಬೀದಿ ಒಟ್ಟಿಗೆ ಸ್ನಾನ ಮಾಡುತ್ತಿತ್ತು.

ನಮ್ಮ ಮನೆ ಬೀದಿಯ ತಿರುವಿನಲ್ಲಿದೆ. ನಮ್ಮ ಯಜಮಾನರು ಕಾರನ್ನು ಆ ತಿರುವಿನಲ್ಲೇ ನಿಲ್ಲಿಸುತ್ತಿದ್ದರು. ಕೋಲು ಪ್ರತಿ ವಾರ ಅದಕ್ಕೆ ತಗುಲುತ್ತಿತ್ತು, ಪ್ರತಿ ವಾರ ನಮ್ಮ ಬೆಲ್ ಆಗುತ್ತಿತ್ತು.

“ಅಕ್ಕೋರ, ನಿಮ್ಮ ಕಾರ ಒಳಗ ಹಾಕ್ಸ್ರಿ. ಇಲ್ಲಿ ನಮ್ಮ ಗಾಡಿ ತಿರಗೂದಿಲ್ಲ.”

“ಈ ಬೀದಿಗೆ ನಿಮ್ಮ ಗಾಡಿ ಯಾಕೆ ಬರ್ಬೇಕು? ಒಳ್ಳೇ ಮಾತಾಡಿ” ಎನ್ನುತ್ತಿದ್ದೆ ನಾನು.

“ಬರಬಾರ್ದ್ರಿ. ಬಂದ್ರ ತಿರಗಬೇಕಲ್ರೀ.”

ಮೂರು ವರ್ಷ ಹೀಗೇ ನಡೆಯಿತು. ಯಜಮಾನರು ಒಳಗೆ ಬಂದು ಪೇಪರ್ ಬಿಸಾಕಿ, “ಈ ಮನುಷ್ಯನಿಗೆ ಬೇರೆ ಕೆಲಸ ಇಲ್ವೇನೇ?” ಎನ್ನುತ್ತಿದ್ದರು. ಕೊನೆಗೆ ಎದುರುಮನೆಯವರ ಕಾಟ ತಾಳಲಾರದೆ ಕಾಂಪೌಂಡಿನ ಒಳಗಿದ್ದ ದಾಸವಾಳದ ಗಿಡ ಕೀಳಿಸಿ ಕಾರು ಒಳಗೆ ಹಾಕಿದೆವು. ಆ ಗಿಡಕ್ಕಾಗಿ ನಾನು ಅವರೊಂದಿಗೆ ಒಂದು ತಿಂಗಳು ಮಾತು ಬಿಟ್ಟಿದ್ದೆ.

ಅದಾಗಿ ಮೂರು ತಿಂಗಳಿಗೆ, ಒಂದು ಎರಡನೇ ಶನಿವಾರ ಬೆಳಗ್ಗೆ, ತಿರುವಿನಾಚೆ ಐದಾರು ಮನೆ ದಾಟಿದರೆ ಸಿಗುವ ಹಾಸಿಗೆ ಅಂಗಡಿಗೆ ಬೆಂಕಿ ಬಿತ್ತು. ಕೆಳಗೆ ಅಂಗಡಿ, ಮೇಲೆ ಮನೆ. ಮನೆಯಲ್ಲಿ ನಡೆಯಲಾಗದ ಅಜ್ಜಿಯೊಬ್ಬರೇ ಇದ್ದರು. ಕರಿ ಹೊಗೆ ಬೀದಿಗೆ ಬೀದಿಯನ್ನೇ ನುಂಗಿತ್ತು. ನಾವು ಗೇಟಿನ ಹತ್ತಿರ ನಿಂತು ಬಾಯಿಗೆ ಬಟ್ಟೆ ಒತ್ತಿಕೊಂಡಿದ್ದೆವು. ಆಗ ಗಂಟೆ ಬಾರಿಸುತ್ತ ಎಂಜಿನ್ ಬಂತು. ಮುಂದಿನಿಂದಲ್ಲ, ಹಿಂದೆ ಹಿಂದೆ, ರಿವರ್ಸಿನಲ್ಲಿ. ಆಚೆ ಗಾಡಿ ಹೊರಳಿಸಲು ಜಾಗವಿಲ್ಲವೆಂದು ಎದುರುಮನೆಯವರು ಹಾಗೇ ಓಡಿಸಿಕೊಂಡು ಬಂದಿದ್ದರು. ನಮ್ಮ ತಿರುವಿನಲ್ಲಿ ಒಂದೇ ಏಟಿಗೆ ತಿರುಗಿತು. ನಮ್ಮ ಗೋಡೆಗೂ ಅದರ ಕನ್ನಡಿಗೂ ನಡುವೆ ಒಂದು ಗೇಣು ಇದ್ದಿರಬೇಕು, ಅಷ್ಟೇ. ಕಾರು ನಿಲ್ಲುತ್ತಿದ್ದ ಜಾಗದ ಮೇಲೆ ಅದರ ಚಕ್ರ ಉರುಳಿಹೋಯಿತು. ಯಜಮಾನರು ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ.

ಅಜ್ಜಿ ಉಳಿದರು. ಎಂಜಿನ್ ಬೀದಿ ತುಂಬ ನಿಂತಿದ್ದರಿಂದ ಆಂಬುಲೆನ್ಸು ತಿರುವಿನಲ್ಲೇ ನಿಂತಿತು. ಬೆಂಕಿ ಆರಿದ ಮೇಲೆ ನಮ್ಮ ಎದುರುಮನೆಯವರು ಅಜ್ಜಿಯನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು, ಹೊಗೆಯ ಒಳಗಿಂದ ಸಿನಿಮಾದವರ ಹಾಗೆ ನಡೆದು ಬಂದರು. ಯಾರೋ ಫೋಟೋ ತೆಗೆದರು. ಮಧ್ಯಾಹ್ನದ ಊಟಕ್ಕೆ ಮುಂಚೆ ಅದು ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರ ಕೈಗೂ ಬಂದಿತ್ತು.

ಮಾರನೆಯ ದಿನವೇ ನಮ್ಮ ಬಡಾವಣೆ ಸಂಘದ ಸೆಕ್ರೆಟರಿ ಓಡಿ ಬಂದರು. ಇದೇ ಊರಿನ ಹಳೇ ಮನೆತನದವರು, ಹಾರ್ಡ್‌ವೇರ್ ಅಂಗಡಿ ಇದೆ. ಮನಸ್ಸು ಬಂಗಾರ, ನಾಲಿಗೆಗೆ ಮಾತ್ರ ಹಕಾರ ಹತ್ತದು. ಹಬ್ಬ ಎನ್ನಲು ಅಬ್ಬ, ಹಾಲು ಎನ್ನಲು ಆಲು. ಹಿಂದಿನ ರಾಜ್ಯೋತ್ಸವಕ್ಕೆ ‘ಆರ್ದಿಕ ಶುಭಾಶಯಗಳು’ ಎಂದು ಬ್ಯಾನರ್ ಹಾಕಿಸಿದ್ದರು. ಜನರೆದುರೇ ನಾನು ನಗೆಯಾಡಿದ್ದೆ.

“ಟೀಚರಮ್ಮ, ನಮ್ಮ ಪೈರ್ ಅಂಕಲ್ಗೆ ಸನ್ಮಾನ ಮಾಡ್ಬೇಕು. ಆರ, ಸಾಲು, ಮೈಸೂರು ಪೇಟ, ಅಣ್ಣಿನ ಬುಟ್ಟಿ ಎಲ್ಲಾ ನಂದು. ಸನ್ಮಾನ ಪತ್ರ, ಬ್ಯಾನರ್ ಮ್ಯಾಟ್ರು ನೀವ್ ಬರ್ಕೊಡಿ. ಈ ತಿಂಗ್ಳೇ ರಿಟೈರ್ ಆಗ್ತಾವ್ರೆ.”

ನನಗೂ ಹುಮ್ಮಸ್ಸು ಬಂತು. ಸನ್ಮಾನ ಪತ್ರ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಬೇರೆ. ‘ಧಗಧಗಿಸುವ ಜ್ವಾಲೆಗಳ ನಡುವೆ ನುಗ್ಗಿ, ವೃದ್ಧ ಮಾತೆಯನ್ನು ತಮ್ಮ ವಜ್ರಬಾಹುಗಳಲ್ಲಿ ಎತ್ತಿ ತಂದ ಧೀರೋದಾತ್ತರೇ’ ಎಂದು ಶುರುಮಾಡಿದವಳು ಹನ್ನೊಂದು ಸಾಲು ಎಲ್ಲೂ ನಿಲ್ಲಲಿಲ್ಲ. ಚಿನ್ನದ ಬಣ್ಣದ ಅಕ್ಷರದಲ್ಲಿ ಪ್ರಿಂಟಾಗಿ, ಗಾಜು ಹಾಕಿಸಿಕೊಂಡು ಬಂತು.

ಸನ್ಮಾನದ ಹಿಂದಿನ ದಿನ ಸಂಜೆ ಅವರು ನಮ್ಮ ಮನೆಗೆ ಬಂದರು. ಆ ಸಲ ಕೈಯಲ್ಲಿ ಕೋಲಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತರು.

“ಅಕ್ಕೋರ, ಆ ಅಜ್ಜೀನ ಬೆಂಕ್ಯಾಗಿಂದ ತಂದಾಂವ ನಾ ಅಲ್ರೀ. ನಮ್ಮ ಜೊತಿಯಾಂವ ಮ್ಯಾಲ ಹತ್ತಿ ಇಳಿಸ್ಕೊಂಡ್ ಬಂದ. ನಾ ಬರೇ ನಲವತ್ತ್ ಹೆಜ್ಜಿ ಆಂಬುಲೆನ್ಸಿನ ತನಕ ಹೊತ್ತೇನಿ. ಸೆಕ್ರೆಟರಿಯವರಿಗೆ ನಾಕ್ ಸಲ ಹೇಳಿದೆ. ‘ದೊಡ್ಡೋರು ಇಂಗೇ ಏಳೋದು’ ಅಂತ ಕೈ ಮುಗೀತಾರ.”

ನಾನು ನಕ್ಕೆ. ನನಗೂ ಅದು ಸಂಕೋಚದ ಮಾತು ಅಂತಲೇ ಅನಿಸಿತ್ತು. ಅವರು ನಗಲಿಲ್ಲ.

“ನಾಳೆ ನಮ್ಮ ಠಾಣೆಯವರೆಲ್ಲ ಮುಂದ ಕುಂತಿರ್ತಾರ. ಅಂವನೂ ಇರ್ತಾನ. ಅವರ ಎದುರಿಗೆ ಅಂವನ ಕೆಲಸ ನಂದಂತ ಓದಿದ್ರ, ನಾ ಯಾವ ಮುಖ ಇಟ್ಕೊಂಡ್ ರಿಟೈರ್ ಆಗ್ಲಿ? ಮಾಡಿದ್ದು ಹೇಳ್ರಿ. ಮಾಡಲಾರದ್ದು ಬ್ಯಾಡ್ರಿ.”

ಎದ್ದು ಹೋದರು. ಕೊಟ್ಟ ಕಾಫಿ ಹಾಗೇ ಇತ್ತು. ಮಾಡಿದ್ದು ಏನು ಎಂದು ಕೇಳಬೇಕು ಅಂತ ನನಗೆ ಹೊಳೆಯಲೂ ಇಲ್ಲ. ಫ್ರೇಮು ಹಾಕಿಸಿ ಆಗಿದೆ, ಇನ್ನೇನು ಮಾಡುವುದು ಎಂದುಕೊಂಡು ಮಲಗಿದೆ. ನಿಜ ಹೇಳುತ್ತೇನೆ, ಆ ಹನ್ನೊಂದು ಸಾಲು ಬಿಡಲು ನನಗೆ ಮನಸ್ಸಿರಲಿಲ್ಲ.

ಮಾರನೆಯ ಬೆಳಗ್ಗೆ ಪಾರ್ಕಿನಲ್ಲಿ ಶಾಮಿಯಾನ. ಠಾಣೆಯ ಏಳೆಂಟು ಜನ ಖಾಕಿಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಗಾಲಿ ಕುರ್ಚಿಯಲ್ಲಿ ಅಜ್ಜಿಯನ್ನೂ ಕರೆತಂದಿದ್ದರು. ವೇದಿಕೆಯ ಹಿಂದಿನ ಬ್ಯಾನರನ್ನು ಎರಡು ಸಲ ಓದಿದೆ.

‘ಬೆಂಕಿ ಹಾರಿಸಿದ ವೀರರಿಗೆ ಹಾರ್ದಿಕ ಅಭಿನಂದನೆಗಳು.’

ನಾನು ‘ಬೆಂಕಿ ಆರಿಸಿದ’ ಎಂದು ಸರಿಯಾಗಿಯೇ ಬರೆದುಕೊಟ್ಟಿದ್ದೆ. ಸೆಕ್ರೆಟರಿ ಅದನ್ನು ನೋಡಿ, ಇದು ತಮ್ಮದೇ ಹಳೇ ತಪ್ಪು ಎಂದುಕೊಂಡು, ಪ್ರಿಂಟಿಂಗ್ ಅಂಗಡಿಯಲ್ಲಿ ನಿಂತು ತಿದ್ದಿಸಿದ್ದರು. “ಈ ಸಲ ಒಂದ್ ಅಕಾರಾನೂ ಬಿಟ್ಟಿಲ್ಲ ನೋಡಿ ಟೀಚರಮ್ಮ” ಎಂದು ನನ್ನ ಹತ್ತಿರ ಬಂದು ಹೆಮ್ಮೆಯಿಂದ ಹೇಳಿದರು. ಆ ಹಕಾರ ನನ್ನದೇ ಗೇಲಿಯ ಫಲ.

ಎದುರುಮನೆಯವರು ವೇದಿಕೆ ಹತ್ತಿದರು, ತಿರುಗಿ ಬ್ಯಾನರ್ ಓದಿದರು. ಮೈಕ್ ಅಲ್ಲೇ ಇತ್ತು. “ಸರ್ವಿಸ್ ಪೂರಾ ಬೆಂಕಿ ಆರಿಸೇನ್ರಿ, ಹಾರಿಸಿಲ್ಲ. ಇದು ನಮ್ಮ ಸಾಹೇಬರ ಕಣ್ಣಿಗೆ ಬಿದ್ರ ನನ್ನ ಪೆನ್ಶನ್ ಹಾರತೈತಿ” ಎಂದರು. ಮುಂದಿನ ಸಾಲಿನ ಖಾಕಿಯವರು ತೊಡೆ ತಟ್ಟಿಕೊಂಡು ನಕ್ಕರು. ಪಾರ್ಕಿಗೆ ಪಾರ್ಕೇ ನಕ್ಕಿತು. ಸೆಕ್ರೆಟರಿಗೆ ಯಾರೋ ಬಿಡಿಸಿ ಹೇಳಿದ ಮೇಲೆ ಅವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗು ಇಳಿಯುವ ಮೊದಲೇ ನನ್ನ ಹೆಸರು ಕೂಗಿದರು. ಫ್ರೇಮು ಹಿಡಿದು ಮೈಕಿನ ಮುಂದೆ ನಿಂತೆ. ಎದುರುಮನೆಯವರು ನನ್ನನ್ನು ನೋಡುತ್ತಿದ್ದರು. ಈಗಷ್ಟೇ ಅಷ್ಟು ನಗಿಸಿದ ಮುಖದಲ್ಲಿ ಒಂದು ಚೂರೂ ನಗುವಿರಲಿಲ್ಲ. ಮುಂದಿನ ಸಾಲಿನ ತುದಿಯಲ್ಲಿ ಒಬ್ಬರ ಮುಂಗೈಗೆ ಬ್ಯಾಂಡೇಜ್ ಸುತ್ತಿತ್ತು, ಸಣ್ಣಗೆ ಎತ್ತರದ ಮನುಷ್ಯ. ಅವರೇ ಅಂತ ಗೊತ್ತಾಯಿತು. ‘ಧಗಧಗಿಸುವ’ ಎಂದು ಬಾಯಿ ತೆರೆದೆ... ಮುಂದೆ ಹೋಗಲಿಲ್ಲ. ಫ್ರೇಮನ್ನು ಮೇಜಿನ ಮೇಲೆ ಮಗುಚಿಟ್ಟೆ.

“ಅಜ್ಜಿಯನ್ನು ಇಳಿಸಿದವರು ಇವರಲ್ಲ, ಅಲ್ಲಿ ಕೂತಿದ್ದಾರೆ ನೋಡಿ” ಎಂದೆ. “ಇವರು ಮಾಡಿದ್ದು ಬೇರೆ. ಮೂರು ವರ್ಷ ನಮ್ಮ ಮನೆ ಬೆಲ್ ಒತ್ತಿದರು. ನಾನು ಬೈದೆ. ಕಾರು ಅಲ್ಲೇ ಇದ್ದಿದ್ದರೆ ಅವತ್ತು ಎಂಜಿನ್ ನಮ್ಮ ತಿರುವಿನಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಇವರ ಕೆಲಸ ಅದು.”

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಹಿಂದಿನ ಸಾಲಿನಿಂದ ಒಬ್ಬರು ಎದ್ದರು: “ನಮ್ಮನೆ ಮೆಟ್ಲು ಒಡೆಸಿದ್ದೂ ಇವ್ರೇ ಸಾರ್!” ಇನ್ನೊಬ್ಬರು, “ನನ್ ತುಳಸಿಕಟ್ಟೆ ಟೆರೇಸ್‌ಗೆ ಹತ್ಸಿದ್ದೂ ಇವ್ರೇ!” ಕೇಬಲ್ಲಿನವನು, “ಏಳು ಸಲ ವೈರ್ ಎತ್ತಿ ಕಟ್ಸವ್ರೆ, ಗುರು!” ಒಬ್ಬೊಬ್ಬರಾಗಿ ದೂರು ಹೇಳುತ್ತ ಹೋದರು, ದೂರಿಗೊಂದು ಚಪ್ಪಾಳೆ ಬೀಳುತ್ತ ಹೋಯಿತು. ಅಂಥ ಸನ್ಮಾನ ನಾನು ಬೇರೆಲ್ಲೂ ನೋಡಿಲ್ಲ. ಅಜ್ಜಿ ಗಾಲಿ ಕುರ್ಚಿಯಿಂದಲೇ, “ನಾನ್ ಅವತ್ತೇ ಹೇಳ್ದೆ, ಯಾರ್ ಕೇಳಿದ್ರಿ? ನನ್ನ ಇಳಿಸ್ದೋನಿಗೆ ಹೊಟ್ಟೆ ಇರ್ಲಿಲ್ಲ ಕಣ್ರೋ!” ಎಂದು ಕೂಗಿದರು.

ಎದುರುಮನೆಯವರು ಪೇಟ ಹಾಕಿಸಿಕೊಳ್ಳಲಿಲ್ಲ. ಬ್ಯಾಂಡೇಜಿನವರನ್ನು ಕೈ ಹಿಡಿದು ಮೇಲೆ ಕರೆದು, ತಾವೇ ಅವರ ತಲೆಗೆ ಇಟ್ಟರು. ಪೇಟ ದೊಡ್ಡದಾಗಿ ಕಿವಿಯವರೆಗೂ ಇಳಿಯಿತು. ಶಾಲು ಮಾತ್ರ ತಾವು ಹೊದ್ದುಕೊಂಡರು. ಇಳಿದು ಬರುವಾಗ ನನ್ನ ಹತ್ತಿರ ನಿಂತು, “ಅಕ್ಕೋರ, ಚಲೋ ಓದಿದ್ರಿ” ಎಂದರು. ನಾನು ಏನೂ ಓದಿರಲಿಲ್ಲ.

ರಿಟೈರಾದ ಮೇಲೆ ಅವರು ಬ್ಯಾಡರಹಳ್ಳಿಯಲ್ಲಿ ಸ್ವಂತ ಮನೆ ಕಟ್ಟಿಕೊಂಡು ಹೋದರು. ಫೋನ್ ಮಾಡಿದಾಗಲೆಲ್ಲ ಅಲ್ಲಿನ ರಸ್ತೆಗಳನ್ನು ಬೈಯುತ್ತಿದ್ದರು. ಹೋದ ವರ್ಷ ಹೃದಯಾಘಾತವಾಗಿ ತೀರಿಕೊಂಡರು. ನಾವು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ಬೀದಿ ಬಿಟ್ಟ ಮೇಲೆ ಇಲ್ಲಿ ಮತ್ತೆ ಎರಡೂ ಕಡೆ ಕಾರುಗಳು ಬಂದು ನಿಂತಿವೆ. ಬೆಲ್ ಒತ್ತಲು ನನಗೆ ಧೈರ್ಯವಿಲ್ಲ. ನಮ್ಮ ಕಾರನ್ನು ಮಾತ್ರ ಒಳಗೇ ಹಾಕುತ್ತೇವೆ.

ನಿನ್ನೆ ಅವರ ಮಗಳು ಬಂದಿದ್ದಳು. ಮುಂದಿನ ವಾರ ವರ್ಷದ ಪುಣ್ಯಸ್ಮರಣೆ, ಫೋಟೋ ಕೆಳಗೆ ಹಾಕಲು ನಾಲ್ಕು ಸಾಲು ಬೇಕಂತೆ. ನಾನು ಪೆನ್ನು ಹಿಡಿದು ಕೂತೆ. ದೊಡ್ಡ ದೊಡ್ಡ ಮಾತುಗಳು ತಾವಾಗಿ ಬಂದವು, ಒಂದೊಂದಾಗಿ ಹೊಡೆದುಹಾಕಿದೆ. ಉಳಿದದ್ದು ಎರಡೇ ಸಾಲು: ‘ಬೆಂಕಿ ಎಂಜಿನ್ ಓಡಿಸುತ್ತಿದ್ದರು. ಅದು ನಮ್ಮ ಮನೆಗಳಿಗೆ ತಲುಪುವ ಹಾಗೆ ದಾರಿ ಮಾಡಿಟ್ಟಿದ್ದರು.’

ಅವಳು ಓದಿದಳು. ಬೆಂಗಳೂರಿನಲ್ಲೇ ಬೆಳೆದ ಹುಡುಗಿ, ಮಾತು ನಮ್ಮದೇ. “ಆಂಟಿ, ಇದ್ರಲ್ಲಿ ಜಾಸ್ತಿ ಏನೂ ಸೇರ್ಸಿಲ್ಲ ತಾನೇ? ಅಪ್ಪಾಜಿ ಇದ್ದಿದ್ರೆ ಮೊದ್ಲು ಅದನ್ನೇ ಕೇಳ್ತಿದ್ರು” ಎಂದಳು.

“ಇಲ್ಲ ಕಣಮ್ಮ. ಏನೂ ಸೇರ್ಸಿಲ್ಲ” ಎಂದೆ.

ಅವಳನ್ನು ಗೇಟಿನವರೆಗೆ ಬಿಟ್ಟು ಬಂದೆ. ನನ್ನನ್ನು ಅಕ್ಕೋರ ಎಂದು ಕರೆಯುವವರು ಈಗ ಯಾರೂ ಇಲ್ಲ. ಒಳಗೆ ಬಂದು ಕೂತು, ಸಮಾಧಾನವಾಗುವವರೆಗೆ ಅತ್ತೆ.