ಟ್ಯಾಂಕಿನ ಮೇಲಿಟ್ಟ ಟೀ ಲೋಟ

೧೯೯೧ರಲ್ಲಿ ನಾನು ಓದು ನಿಲ್ಲಿಸಿದೆ, ಒಂಬತ್ತನೇ ಕ್ಲಾಸಿನ ಅರ್ಧಕ್ಕೆ. ಆ ವರ್ಷ ಅಂಗಿಗೆ ಹತ್ತಿದ ಗೇರ್ ಆಯಿಲ್ ವಾಸನೆ ಇವತ್ತಿಗೂ ಬಿಟ್ಟಿಲ್ಲ. ಮೊನ್ನೆ ಹಾಸನದವರೊಬ್ಬರು ಶಾಫ್ಟ್ ಗಾಡಿ ತಂದರು. ಚೈನ್ ಇರುವುದಿಲ್ಲ ಅದಕ್ಕೆ. ಒಂದು ಕಬ್ಬಿಣದ ದಂಡವೇ ಹಿಂಚಕ್ರವನ್ನು ತಿರುಗಿಸುತ್ತದೆ. ಹಳೆಯ ಆಯಿಲ್ ಇಳಿಸುವಾಗ ಆ ಘಾಟು ಮೂಗಿಗೆ ಬಡಿದದ್ದೇ ತಡ, ಸ್ಪ್ಯಾನರ್ ಕೆಳಗಿಟ್ಟು ಕೂತುಬಿಟ್ಟೆ. ಮೇಸ್ತ್ರಿ ನೆನಪಾದರು…

ಹೊಳೆನರಸೀಪುರದಲ್ಲಿ ಹಾಸನ ರಸ್ತೆಯ ಮಗ್ಗುಲಿಗೆ ಅವರ ಶೆಡ್ಡು. ನನಗೆ ಕೆಲಸ ಕಲಿಸಿದವರು ಅವರೇ. ಕಲಿತ ಮೇಲೂ ನಾನು ಅಲ್ಲೇ ಉಳಿದೆ, ಅವರ ಪಕ್ಕದಲ್ಲಿ ನಿಂತು ದುಡಿದೆ. ಯಾವ ಗಾಡಿಯನ್ನೂ ಅವರು ಹಾಗೇ ಕೊಟ್ಟು ಕಳಿಸುತ್ತಿರಲಿಲ್ಲ. ಮೊದಲು ಟ್ಯಾಂಕಿನ ಮೇಲೆ ಬಲಗೈ ಊರಿ, ಕಣ್ಣು ಮುಚ್ಚಿ, ನಡುಕ ಎಲ್ಲಿಂದ ಬರುತ್ತಿದೆ ಎಂದು ಹಿಡಿಯುವರು. ಆಮೇಲೆ ಅಲ್ಲೇ ತುಂಬಿದ ಟೀ ಲೋಟ ಇಟ್ಟು ಇಂಜಿನ್ ವೇಗ ಏರಿಸುವರು. ಟೀ ತುಳುಕಿದರೆ ಗಾಡಿ ಮತ್ತೆ ಬಿಚ್ಚಬೇಕು. ತುಳುಕದಿದ್ದರೆ ಅದೇ ಟೀ ಕುಡಿದು, "ತಗೊಂಡೋಗಿ" ಎನ್ನುವರು. ಆ ಒಂದು ಮಾತಿಗೆ ಅರಕಲಗೂಡಿನಿಂದಲೂ ಜನ ಬರುತ್ತಿದ್ದರು. ಆ ಅಂಗೈಯೇ ಅವರ ಅನ್ನ.

ದಂಡಿಗನಹಳ್ಳಿಯ ಗೌಡರೊಬ್ಬರ ಹತ್ತಿರ ಅಂಥದೇ ಒಂದು ಶಾಫ್ಟ್ ಗಾಡಿ ಇತ್ತು. ವೇಗ ಅರವತ್ತು ದಾಟಿದರೆ ಇಡೀ ಗಾಡಿ ನಡುಗುತ್ತಿತ್ತು.

"ಮೇಸ್ತ್ರಿ, ಇದ್ರ ಮ್ಯಾಲೆ ಕುಂತ್ರೆ ಕಟ್ಟಿಸಿದ್ ಹಲ್ಲೆಲ್ಲಾ ಕಳಚ್ಕತಾವೆ ಕಣಯ್ಯಾ," ಎಂದರು ಗೌಡರು.

"ಹಲ್ಲು ಜೇಬಲ್ ಮಡಿಕಂಡ್ ಬನ್ನಿ ಗೌಡ್ರೇ, ಗಾಡಿ ನಾನ್ ನೋಡ್ತೀನಿ," ಎಂದು ಮೇಸ್ತ್ರಿ ನಕ್ಕರು.

ನನ್ನನ್ನು ಹಿಂದೆ ಕೂರಿಸಿಕೊಂಡು ಗೊರೂರು ಕಡೆಯ ಇಳಿಜಾರಿಗೆ ಹೋದರು. ಓಡುತ್ತಿರುವಾಗಲೇ ಕ್ಲಚ್ ಹಿಡಿದರು. ಆಗ ನಡುಕ ನಿಂತರೆ ದೋಷ ಇಂಜಿನ್ನಿನದು. ನಿಲ್ಲದಿದ್ದರೆ ಶಾಫ್ಟಿನದೋ ಚಕ್ರದ್ದೋ. ನಿಲ್ಲಲಿಲ್ಲ. ಚಕ್ರ ನೋಡಿದೆವು, ನೇರವಾಗಿತ್ತು. ಶಾಫ್ಟ್ ಹೊರಗೆಳೆದರೆ ಅದರ ತುದಿಯ ಜಾಯಿಂಟ್ ಗ್ರೀಸ್ ಒಣಗಿ ಬಿಗಿದುಕೊಂಡಿತ್ತು. ಹೊಸದು ಹಾಕಿದೆವು. ನಾನು ಚನ್ನರಾಯಪಟ್ಟಣದವರೆಗೆ ಓಡಿಸಿ ತಂದೆ. ಬೆಣ್ಣೆಯಂತಿತ್ತು.

ಮೇಸ್ತ್ರಿ ಟ್ಯಾಂಕಿನ ಮೇಲೆ ಕೈ ಊರಿದರು. "ಇನ್ನೂ ಐತಲ್ಲಾ."

"ಇಲ್ಲ ಮೇಸ್ತ್ರಿ, ಈಗ್ತಾನೆ ಓಡಿಸ್ಕಂಡ್ ಬಂದೆ."

"ನಂಗೇ ಯೋಳ್ಕೊಡ್ತೀಯೇನ್ಲಾ? ಬಿಚ್ಚು."

ಬಿಚ್ಚಿದೆ. ಶಾಫ್ಟ್ ತೆಗೆದು ಮತ್ತೆ ಕೂರಿಸಿದೆ, ಇಂಜಿನ್ ಬೋಲ್ಟುಗಳನ್ನು ಸಡಿಲಿಸಿ ಮತ್ತೆ ಬಿಗಿದೆ. ಮಾರನೆಯ ದಿನವೂ ಅದೇ ಮಾತು. "ಐತೆ ಕಣ್ಲಾ… ಐತೆ." ಮತ್ತೆ ಬಿಚ್ಚಿದೆ. ಅವರ ಕೈ ತಪ್ಪು ಹೇಳಿದ್ದನ್ನು ನಾನು ಕಂಡೇ ಇರಲಿಲ್ಲ.

ಕಾದು ಕಾದು ಗೌಡರು ಬಂದರು. "ಏನ್ ಮೇಸ್ತ್ರಿ, ನನ್ ಗಾಡಿಗೆ ಚಳಿಜ್ವರ ಬಂದದಾ? ಕಂಬ್ಳಿ ತರ್ಲಾ?"

ಮೇಸ್ತ್ರಿ ನಗಲಿಲ್ಲ. ಟೀ ತರಿಸು ಎಂದರು.

ಲೋಟವನ್ನು ನಾನೇ ಟ್ಯಾಂಕಿನ ಮೇಲಿಟ್ಟೆ. ಸ್ಟ್ಯಾಂಡ್ ಹಾಕಿದ್ದ ಗಾಡಿಯ ಹಿಂಚಕ್ರ ಗಾಳಿಯಲ್ಲಿ ರೊಯ್ಯನೆ ತಿರುಗುತ್ತಿತ್ತು. ಟೀ ತುಳುಕಲಿಲ್ಲ. ಮೇಸ್ತ್ರಿ ಬಹಳ ಹೊತ್ತು ಅದನ್ನೇ ನೋಡಿದರು. ಕೊನೆಗೆ ಇಂಜಿನ್ ಆರಿಸಿ, ಕುಡಿಯಲೆಂದು ಲೋಟ ಎತ್ತಿದರು. ಟೀ ಅಂಚು ದಾಟಿ ಬೆರಳ ಮೇಲೆ ಚೆಲ್ಲಿತು. ಲೋಟವನ್ನು ಎಡಗೈಗೆ ದಾಟಿಸಿದರು. ತುಳುಕಲಿಲ್ಲ. ಮತ್ತೆ ಬಲಗೈಗೆ ತಂದರು. ತುಳುಕಿತು… ಯಾವ ಭಾಗದ ದೋಷ ಎಂದು ಗಾಡಿಯಲ್ಲಿ ಹುಡುಕುವ ಹಾಗೆಯೇ ಹುಡುಕಿದರು.

ಗೌಡರು ಹೆಗಲ ಮೇಲಿನ ಟವೆಲ್ ತೆಗೆದು ಅವರ ಕೈ ಒರೆಸಿದರು. "ಗಾಡಿ ಸರಿಯಾಗೈತೆ ಬುಡಿ ಮೇಸ್ತ್ರಿ, ನಾನ್ ತಗೊಂಡೋಯ್ತೀನಿ," ಎಂದರು. ಅದು ಮೇಸ್ತ್ರಿ ಹೇಳಬೇಕಾಗಿದ್ದ ಮಾತು.

ಹಾಸನದಲ್ಲಿ ಡಾಕ್ಟರಿಗೆ ತೋರಿಸಿದೆ. ಮಾತ್ರೆಯಿಂದ ಸ್ವಲ್ಪ ತಡೆಯಬಹುದು, ವಾಸಿಯಾಗುವುದಲ್ಲ ಎಂದರು. ವಾಪಸ್ ಬರುವ ಬಸ್ಸಿನಲ್ಲಿ ಮೇಸ್ತ್ರಿ ಕಿಟಕಿಯಾಚೆ ನೋಡುತ್ತ, "ಕೈಲಿಲ್ವಂತೆ ಕಣ್ಲಾ, ತಲೇಲೈತಂತೆ. ನಾವ್ ಬಿಚ್ಚೋ ಜಾಗ ಅಲ್ಲ ಅದು," ಎಂದರು. ಯಾವ ಬೋಲ್ಟನ್ನು ಎಷ್ಟು ಬಿಗಿಯಬೇಕೆಂದು ಬಲ್ಲ ನನ್ನ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು.

ಆಮೇಲೂ ಅವರು ಶೆಡ್ಡಿಗೆ ಬರುತ್ತಿದ್ದರು. ನನ್ನ ಅಂಗೈಯನ್ನು ಟ್ಯಾಂಕಿನ ಮೇಲೆ ಊರಿಸಿ, "ಏನಂತದೆ?" ಎಂದು ಕೇಳುವರು. ನಾನು ಹೇಳುವುದು, ಅವರು ತಲೆಯಾಡಿಸುವುದು. ಕೊನೆಕೊನೆಗೆ ಅದೂ ನಿಂತಿತು…

ಮೊನ್ನೆಯ ಗಾಡಿ ಸರಿಹೋಯಿತು. ಟೀ ಇಟ್ಟು ನೋಡಿದೆ. "ತಗೊಂಡೋಗಿ" ಎಂದೆ. ಕುಡಿಯುವಾಗ ಲೋಟವನ್ನು ಒಮ್ಮೆ ಎಡಗೈಗೆ ದಾಟಿಸಿ, ಮತ್ತೆ ಬಲಗೈಗೆ ತಂದು ನೋಡಿದೆ. ಈಗ ದಿನವೂ ಹೀಗೇ ನೋಡುತ್ತೇನೆ. ಓದು ಬಿಟ್ಟವನೆಂದು ನಾನು ಯಾರ ಮುಂದೆಯೂ ತಲೆ ತಗ್ಗಿಸಿಲ್ಲ, ಯಾರ ಹಂಗಿನಲ್ಲೂ ಇಲ್ಲ. ಆದರೆ ಮೇಸ್ತ್ರಿ ಇಲ್ಲ. ನನ್ನ ಹತ್ತಿರ ಈಗ ಇರುವುದು ಒಂದು ಶೆಡ್ಡು, ಒಂದು ಕಂಪ್ರೆಸರ್, ಎರಡು ಪೆಟ್ಟಿಗೆ ಸ್ಪ್ಯಾನರ್, ಅವರ ಒಂದು ಟೀ ಲೋಟ, ಎರಡು ಕೈ. ಇವತ್ತಿನವರೆಗೆ ನಡುಗಿಲ್ಲ.