ಹಸಿರು ನೀರು ಕುಡಿದ ನಾಯಿ

ಅಂಕಲಿಯ ನಮ್ಮ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುವವಳು ನಾನೇ. ಮನೆಯವರಿಗೆ ಬೆನ್ನುನೋವು ಶುರುವಾದ ವರ್ಷ ಕಲಿತದ್ದು. ಆ ಬೇಸಿಗೆ ಎಂಜಿನ್ ಮೇಲಿಂದ ಮೇಲೆ ಕಾಯತೊಡಗಿತು. ರೇಡಿಯೇಟರ್‌ನಲ್ಲಿ ನೀರು ಇಳಿದಾಗಲೆಲ್ಲ ಬೋರಿನ ಸವಳು ನೀರನ್ನೇ ಸುರಿದಿದ್ದೆ. ಒಳಗೆ ಉಪ್ಪು ಕಟ್ಟಿತ್ತು. ಚಿಕ್ಕೋಡಿಯ ಮೇಸ್ತ್ರಿ ಫೋನಿನಲ್ಲೇ ತಿಳಿಸಿ ಹೇಳಿದರು. ಎಂಜಿನ್ ಆರಿದ ಮೇಲೆ ಕೆಳಗಿನ ತಿರುಪು ಬಿಚ್ಚಿ ಹಳೆಯದನ್ನು ಬಸಿಯಬೇಕು, ಸಿಹಿನೀರು ಹಾಕಿ ಎರಡು ಮೂರು ಸಲ ತೊಳೆಯಬೇಕು, ಆಮೇಲೆ ಎಂಜಿನ್ ತಂಪಿಡುವ ಹಸಿರು ದ್ರವ, ಕೂಲಂಟ್, ಹೊಸದನ್ನು ತುಂಬಬೇಕು. ಬಸಿದ ಹಸಿರು ನೀರು ರುಚಿಗೆ ಸಿಹಿ, ಆದರೆ ವಿಷ, ದನಗಳನ್ನು ದೂರ ಕಟ್ಟಿರಿ ಎಂದೂ ಹೇಳಿದರು.

ನಾನು ಎಮ್ಮೆಯನ್ನು ದೂರ ಕಟ್ಟಿದೆ. ನಾಯಿಯ ನೆನಪು ಬರಲಿಲ್ಲ.

ನಾಯಿ ನಮ್ಮದಲ್ಲ, ಕುರಿಯ ಕಾಕಾನದು. ಕಬ್ಬು ಕಡಿದ ಮೇಲೆ ಪ್ರತಿ ವರ್ಷ ಅವರು ಕರೋಶಿಯ ಕಡೆಯಿಂದ ಬಂದು ನಮ್ಮ ಹೊಲದಲ್ಲಿ ನಾಲ್ಕು ದಿನ ಕುರಿ ತರುಬುತ್ತಾರೆ, ರಾತ್ರಿ ಮಂದೆ ಅಲ್ಲೇ ಮಲಗುತ್ತದೆ. ನಮಗೆ ಗೊಬ್ಬರ, ಅವರಿಗೆ ಜೋಳ. ಒಂದು ಕಿವಿ ಹರಿದ ಆ ಕೆಂದ ನಾಯಿಯೇ ಅವರ ಅರ್ಧ ಕೆಲಸ ಮಾಡುತ್ತಿತ್ತು.

ಮಂದೆ ಹೊಲದಲ್ಲಿದ್ದಾಗಲೇ ಒಂದು ದಿನ ಕಬ್ಬಿಣದ ಬುಟ್ಟಿಗೆ ಹಳೆಯದನ್ನು ಬಸಿದು, ತೊಳೆಯಲು ನೀರು ತರಲೆಂದು ಟಾಕಿಯ ಕಡೆ ಹೋದೆ. ಕೊಡ ಹೊತ್ತು ತಿರುಗಿದರೆ ನಾಯಿ ಬುಟ್ಟಿಗೆ ಬಾಯಿ ಹಾಕಿ ಲೊಚಲೊಚ ನೆಕ್ಕುತ್ತಿತ್ತು. ಓಡಿಸಿದೆ. ಎಷ್ಟು ಕುಡಿದೀತು, ನಾಲ್ಕು ಗುಟುಕು ಎಂದು ನನಗೆ ನಾನೇ ಹೇಳಿಕೊಂಡು, ಉಳಿದದ್ದನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿ, ರೇಡಿಯೇಟರ್ ತೊಳೆಯುತ್ತ ಕೂತೆ. ಮೊದಲು ಕೆಂಪು ರಾಡಿ ಬಂತು, ಆಮೇಲೆ ತಿಳಿಯಾಯಿತು.

ಸ್ವಲ್ಪ ಹೊತ್ತಿಗೆ ಕಾಕಾ ನಾಯಿಯನ್ನು ಬೇವಿನ ನೆರಳಿಗೆ ಎಳೆದು ತಂದರು. ಕಾಲು ತೊಡರಿ ತೊಡರಿ ನಡೆಯುತ್ತಿತ್ತು. ಬಿಸಿಲು ಬಡಿದಿರಬೇಕು ಎಂದು ತಲೆಗೆ ನೀರು ತಟ್ಟತೊಡಗಿದರು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಪಾನಾ ಹಿಡಿದು ಕೆಳಗಿನ ತಿರುಪು ಬಿಗಿಯತೊಡಗಿದೆ. ಅದು ವಾಂತಿ ಮಾಡಿಕೊಂಡು ಅಡ್ಡ ಬಿದ್ದಾಗಲೇ ನನಗೆ ಬಾಯಿ ಬಂದದ್ದು.

“ಕಾಕಾ, ಬಿಸಲಲ್ರಿ ಅದು. ನನ್ನ ಬುಟ್ಟ್ಯಾಗಿನ ನೀರು ಕುಡದೈತಿ. ವಿಷ ಐತಿ ಅದು. ನಾ ನೋಡೀನಿ.”

ಅವರು ನನ್ನ ಮುಖ ನೋಡಿದರು. ಆಮೇಲೆ ನಾಯಿಯ ಬಾಯಿ ಒರೆಸತೊಡಗಿದರು.

ದನದ ಡಾಕ್ಟರಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಹತ್ತಿರದಲ್ಲೇ ಇದ್ದರು. ಇದರ ಸರಿಯಾದ ಔಷಧಿ ಇಲ್ಲೆಲ್ಲೂ ಸಿಗುವುದಿಲ್ಲ, ಸಲಾಯಿನ್ ತರುತ್ತೇನೆ, ಅದರಲ್ಲಿ ಬೆರೆಸಲು ಬಣ್ಣವಿಲ್ಲದ ದಾರು ಒಂದು ಬಾಟಲಿ ತಂದಿಡಿ, ಆ ವಿಷ ಏರದಂತೆ ದಾರು ತಡೆಯುತ್ತದೆ, ತಡ ಮಾಡಬೇಡಿ ಎಂದರು. ಕಾಕಾ ಕೊರಳಲ್ಲಿ ತುಳಸಿಮಾಲೆ ಹಾಕಿದವರು, ದಾರು ಮುಟ್ಟುವವರಲ್ಲ. ನಮ್ಮ ಅತ್ತೆಯೂ ಮಾಲೆಯವರು. ನಾನೇ ಸ್ಕೂಟಿ ಹತ್ತಿದೆ.

ಅಂಗಡಿಯ ಮುಂದೆ ಐದಾರು ಗಂಡಸರು ನಿಂತಿದ್ದರು. ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು, ಬಣ್ಣ ಇಲ್ಲದ್ದು ಬೇಕು ಎಂದೆ. ಯಾರಿಗೆ ಎಂದು ಅಂಗಡಿಯವ ಕೇಳಿದ. ನಾಯಿಗೆ ಎಂದೆ. ಯಾರೂ ನಗಲಿಲ್ಲ. ನನ್ನ ಮುಖ ಹಾಗಿತ್ತೋ ಏನೋ, ಒಬ್ಬ ಹಿಂದೆ ಸರಿದು ಜಾಗ ಕೊಟ್ಟ.

ಡಾಕ್ಟರು ಅಳತೆ ಮಾಡಿ ಸಲಾಯಿನ್‌ಗೆ ಬೆರೆಸಿ, ಮುಂಗಾಲಿನ ನರಕ್ಕೆ ಹಚ್ಚಿದರು. ಸೀಸೆಯನ್ನು ಬೇವಿನ ಟೊಂಗೆಗೆ ಕಟ್ಟಿದೆವು. ಕಾಕಾ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಬೈದರೆ ಬೈಸಿಕೊಳ್ಳಲು ನಾನು ತಯಾರಿದ್ದೆ. ಅವರು ಕುರಿಗಳನ್ನು ಸ್ವಲ್ಪ ನೋಡಿಕೋ ಎಂದಷ್ಟೇ ಹೇಳಿದರು. ಸಂಜೆಯವರೆಗೆ ನಾನು ಕುರಿ ಕಾಯ್ದೆ. ಒಂದೂ ನನ್ನ ಮಾತು ಕೇಳಲಿಲ್ಲ.

ಡಾಕ್ಟರು ಎರಡು ದಿನ ಬಂದು ಹೋದರು. ಮೂರನೆಯ ದಿನ ನಾಯಿ ಎದ್ದು ಮಜ್ಜಿಗೆ ಕುಡಿಯಿತು. ಇನ್ನೆರಡು ದಿನ ಬಿಟ್ಟು ಮಂದೆ ಪಾಲಬಾವಿಯ ಕಡೆ ಹೊರಡುವಾಗ ಕಾಕಾ ಟ್ರ್ಯಾಕ್ಟರಿನ ಹತ್ತಿರ ಬಂದರು.

“ಆ ನೀರು ಹೆಂಗಿರ್ತೈತಿ, ಒಮ್ಮೆ ತೋರಸ ಅವ್ವಾ. ನಮ್ಮ ಮಂದಿಗಿ ಹೇಳಬೇಕು.”

ಡಬ್ಬಿಯ ಮುಚ್ಚಳ ತೆಗೆದು ಹಿಡಿದೆ. ಅವರು ಬಗ್ಗಿ ಬಹಳ ಹೊತ್ತು ನೋಡಿದರು, ಮೂಸಿದರು. ನೋಡಲು ಶರಬತ್ತಿನ ಹಾಗೇ ಇದೆಯಲ್ಲ ಎಂದರು. ಹೌದು ಎಂದೆ. ನಾಯಿ ಆಗಲೇ ಕುರಿಗಳ ಹಿಂದೆ ರಸ್ತೆಗೆ ಇಳಿದಿತ್ತು, ನಡಿಗೆ ಇನ್ನೂ ಸ್ವಲ್ಪ ವಾಲುತ್ತಿತ್ತು. ಅವರು ಕೋಲು ಎತ್ತಿಕೊಂಡು ಅದರ ಹಿಂದೆ ನಿಧಾನವಾಗಿ ನಡೆದರು.