ಮೈದುನ ಹೆಚ್ಚಿಸಿದ ವೇಗ

ರೊಟ್ಟಿ ಬಡಿಯುತ್ತಿದ್ದೆ. ಮಗಳ ಹಾಸ್ಟೆಲ್ ಅರ್ಜಿಗೆ ಅಂದೇ ಕೊನೆಯ ದಿನ, ಪುಟ ಮಾತ್ರ ತೆರೆಯಲೊಲ್ಲದು. ವಾಡಿಯಿಂದ ಬಂದಿದ್ದ ಮೈದುನ ಲ್ಯಾಪ್‌ಟಾಪ್ ಎಳೆದುಕೊಂಡು ಬ್ರೌಸರ್ ಸೆಟ್ಟಿಂಗ್‌ನಲ್ಲಿ ಕೈಯಾಡಿಸಿದ.

“ಫೋಟೊ ಬರೋದೆಲ್ಲ ಬಂದ್ ಮಾಡೀನ್ರಿ ವೈನಿ. ಈಗ ನೋಡ್ರಿ, ಪೇಜ್ ಹ್ಯಾಂಗ ಓಡ್ತದ!”

ಓಡಿದ್ದು ನಿಜ. ಅರ್ಜಿಯ ಕೊನೆಗೆ ಬಂದ ಮಗಳು ತಲೆಯೆತ್ತಿದಳು. “ಕಾಕಾ, ಫೋಟೊದಾಗಿನ ಅಕ್ಷರ ನೋಡಿ ಬರೀಬೇಕಂತ. ಫೋಟೊ ಎಲ್ಲದ?”

ಮೈದುನ ಸರ್ಕಾರವನ್ನು ಬೈದ, ನೆಟ್‌ವರ್ಕನ್ನು ಬೈದ, ತನ್ನೊಬ್ಬನನ್ನು ಬಿಟ್ಟು ಎಲ್ಲರನ್ನೂ ಬೈದ.

“ಬಂದ್ ಮಾಡಿದ್ದು ಮೊದಲ ಚಾಲೂ ಮಾಡಪ್ಪ” ಎಂದೆ, ಹಿಟ್ಟಿನ ಕೈಯಲ್ಲೇ.

ಪುಟ ಮತ್ತೆ ನಿಧಾನವಾಯಿತು. ನಾಲ್ಕು ರೊಟ್ಟಿ ಬೇಯುವಷ್ಟರಲ್ಲಿ ಅರ್ಜಿ ಹೋಯಿತು. ದೇವರ ಜಗಲಿಯ ಮೇಲಿನ ಫೋಟೊಗೆ ಕೈಮುಗಿದೆ. ಪುಣ್ಯಕ್ಕೆ ಅದನ್ನು ಮೈದುನ ಬಂದ್ ಮಾಡಿರಲಿಲ್ಲ. ಆಮೇಲೆ ಪುಂಡಿಪಲ್ಯಕ್ಕೆ ಒಗ್ಗರಣೆ ಹಾಕಿದೆ.